ಐದಡಿಯ ಶೆಲ್ಲಿ, ಹದಿನೇಳು ವರ್ಷದ ಓಟ

ಕೊಡಗಿನಲ್ಲಿ ಹಾಕಿ ಬಗ್ಗೆ ಮಾತಾಡೋಕೆ ಜನರನ್ನು ಹುಡುಕಬೇಕಾಗಿಲ್ಲ. ಬಸ್ ಸ್ಟ್ಯಾಂಡಿನ ಹೋಟೆಲಿನಲ್ಲಿ ಒಂದು ಕಾಫಿ ಹೇಳಿ ಕೂತರೆ ಸಾಕು. 1972ರ ಮ್ಯೂನಿಕ್ ಕಂಚಿನ ಎಂ.ಪಿ. ಗಣೇಶ್, ಬಿ.ಪಿ. ಗೋವಿಂದ, 1980ರ ಮಾಸ್ಕೊ ಚಿನ್ನದ ಎಂ.ಎಂ. ಸೋಮಯ್ಯ, ಆಮೇಲೆ ಬಂದ ಅರ್ಜುನ್ ಹಾಲಪ್ಪ, ರಘುನಾಥ್, ಸುನಿಲ್. ಪಟ್ಟಿ ಮುಗಿಯುವ ಹೊತ್ತಿಗೆ ಕಾಫಿ ತಣ್ಣಗಾಗಿರುತ್ತದೆ. 1997ರಲ್ಲಿ ಕರಡದಲ್ಲಿ ಪಾಂಡಂಡ ಕುಟ್ಟಪ್ಪನವರು ಶುರು ಮಾಡಿದ ಕೌಟುಂಬಿಕ ಹಾಕಿ ಈಗ ನೂರಾರು ಮನೆತನಗಳು ಸೇರುವ ದೊಡ್ಡ ಹಬ್ಬ. ಅಜ್ಜನೂ ಆಡುತ್ತಾನೆ, ಮೊಮ್ಮಗಳೂ ಆಡುತ್ತಾಳೆ.

ಓಟದ ಮಾತು ತೆಗೆದು ನೋಡಿ. ಅಶ್ವಿನಿ ನಾಚಪ್ಪ ಹೆಸರು ಬರುತ್ತದೆ. 'ಪಿ.ಟಿ. ಉಷಾನ ಸೋಲಿಸಿದ್ರಲ್ಲ' ಅಂತಾರೆ. ತೆಲುಗು ಸಿನಿಮಾದಲ್ಲಿ ಆಕ್ಟ್ ಮಾಡಿದ್ದು, ಗೋಣಿಕೊಪ್ಪದ ಹತ್ತಿರ ಶಾಲೆ ಕಟ್ಟಿದ್ದು ಹೇಳುತ್ತಾರೆ. ಸ್ವಲ್ಪ ತಿಳಿದವರಾದರೆ ಏಷ್ಯನ್ ಗೇಮ್ಸ್ ರಿಲೇ ಚಿನ್ನದ ಎಂ.ಆರ್. ಪೂವಮ್ಮನ ಹೆಸರು ಸೇರಿಸುತ್ತಾರೆ. ಅಲ್ಲಿಗೆ ಮಾತು ಮತ್ತೆ ಹಾಕಿಗೆ ತಿರುಗುತ್ತದೆ.

ನಾನು ಶಾಲೆಯಲ್ಲಿ ಪಿ.ಟಿ. ಟೀಚರ್. ಹಾಕಿ ಊರಿನಲ್ಲಿ ಓಟದ ಹುಚ್ಚು ಹಿಡಿಸಿಕೊಂಡವಳು. ಅದರಲ್ಲೂ ನೂರು ಮೀಟರ್. ನಮ್ಮ ಮನೆಯವರು ಕೇಳುತ್ತಾರೆ, 'ಹನ್ನೊಂದು ಸೆಕೆಂಡಿನಲ್ಲಿ ಮುಗಿದು ಹೋಗೋದರಲ್ಲಿ ನೋಡೋಕೆ ಏನಿದೆ?' ಅಂತ. ಅವರಿಗೆ ಕ್ರಿಕೆಟ್ಟೂ ಸಾಕಾಗುವುದಿಲ್ಲ, ಐದು ದಿನದ ಟೆಸ್ಟೇ ಬೇಕು. ಹಾಗಾಗಿ 2025ರ ಸೆಪ್ಟೆಂಬರಿನಲ್ಲಿ ಟೋಕಿಯೊ ವಿಶ್ವ ಚಾಂಪಿಯನ್‌ಶಿಪ್ ಮುಗಿಸಿ ಜಮೈಕಾದ ಓಟಗಾರ್ತಿ ಶೆಲ್ಲಿ-ಆನ್ ಫ್ರೇಸರ್-ಪ್ರೈಸ್ ಓಟ ನಿಲ್ಲಿಸಿದಾಗ ನನ್ನ ಸುತ್ತ ಅದನ್ನು ಯಾರೂ ಸುದ್ದಿ ಅಂದುಕೊಳ್ಳಲಿಲ್ಲ. ನನಗೆ ಮಾತ್ರ ಬರೆಯಲೇಬೇಕು ಅನ್ನಿಸಿತು.

ಅವಳ ಕಥೆಯನ್ನು ಜನ ಎರಡು ರೀತಿ ಹೇಳುತ್ತಾರೆ. ಒಂದು, ಉಸೇನ್ ಬೋಲ್ಟ್ ಕಥೆಯ ಕೊನೆಯಲ್ಲಿ ಬರುವ ಎರಡು ಸಾಲು: 'ಜಮೈಕಾದ ಹೆಂಗಸರೂ ಗೆದ್ದರು.' ಇನ್ನೊಂದು, 'ತಾಯಿಯಾದರೂ ಓಡಿದಳು' ಅನ್ನುವ ಪವಾಡದ ಕಥೆ. ಎರಡೂ ನನಗೆ ಹಿಡಿಸುವುದಿಲ್ಲ. ಸುಮ್ನೆ ಅವಳ ಟೈಮಿಂಗ್ ನೋಡಿ. 2008ರಲ್ಲಿ ಬೀಜಿಂಗ್ ಒಲಿಂಪಿಕ್ಸ್‌ನ ನೂರು ಮೀಟರ್ ಚಿನ್ನ ಗೆದ್ದಾಗ ವಯಸ್ಸು 21, ಓಡಿದ್ದು 10.78 ಸೆಕೆಂಡಿನಲ್ಲಿ. 2012ರಲ್ಲಿ ಲಂಡನ್ ಚಿನ್ನ, 10.75. ಮಗ ಹುಟ್ಟಿದ್ದು 2017ರಲ್ಲಿ. 2021ರಲ್ಲಿ ಸ್ವಿಟ್ಜರ್ಲೆಂಡಿನ ಲೊಸಾನ್‌ನಲ್ಲಿ 10.60, ಅವಳ ಇಡೀ ಬದುಕಿನ ಅತಿ ವೇಗದ ಓಟ. ಆಗ ವಯಸ್ಸು 34. ಮರುವರ್ಷ ಒಂದೇ ಸೀಸನ್ನಿನಲ್ಲಿ ಏಳು ಸಲ 10.70ಕ್ಕಿಂತ ಕೆಳಗೆ. 'ಆದರೂ' ಎಲ್ಲಿದೆ ಇದರಲ್ಲಿ? ತಾಯಿಯಾದ ಮೇಲೆಯೇ ಅವಳು ಅತ್ಯಂತ ವೇಗವಾಗಿ ಓಡಿದ್ದು. ಅದಕ್ಕೆ ಏನೇನು ಒದಗಿ ಬಂತು ಅನ್ನುವುದೇ ನನಗೆ ಮುಖ್ಯ.

ಹುಟ್ಟಿದ್ದು 1986ರ ಡಿಸೆಂಬರ್ 27ರಂದು, ಕಿಂಗ್‌ಸ್ಟನ್ ನಗರದ ವಾಟರ್‌ಹೌಸ್ ಅನ್ನುವ ಕಡೆ. ಗ್ಯಾಂಗುಗಳ ಗಲಾಟೆ, ಗುಂಡಿನ ಸದ್ದು ಮಾಮೂಲಾದ ಜಾಗ. ಅಮ್ಮ ಮ್ಯಾಕ್ಸೀನ್ ರಸ್ತೆ ಬದಿ ಸಾಮಾನು ಮಾರಿ ಮೂರು ಮಕ್ಕಳನ್ನು ಸಾಕಿದಳು. ಅಮ್ಮ, ಇಬ್ಬರು ಅಣ್ಣತಮ್ಮಂದಿರು, ಇವಳು, ಎಲ್ಲರೂ ಒಂದೇ ಮಂಚದಲ್ಲಿ ಮಲಗುತ್ತಿದ್ದರಂತೆ. ಆ ಅಮ್ಮನೂ ಚಿಕ್ಕವಳಿದ್ದಾಗ ಓಟಗಾರ್ತಿ. ಅದು ಅಲ್ಲೇ ನಿಂತುಹೋಗಿತ್ತು. ಈ ಸಾಲನ್ನು ನಾನು ಯಾವಾಗ ಓದಿದರೂ ಅಲ್ಲೇ ತಡೆಯುತ್ತೇನೆ. ಯಾಕೆ ಅಂತ ಮುಂದೆ ಹೇಳುತ್ತೇನೆ.

ಜಮೈಕಾ ಅಂದರೆ ನಮ್ಮ ಕಡೆಯವರಿಗೆ ಮೊದಲು ನೆನಪಾಗುವುದು ಬ್ಲೂ ಮೌಂಟನ್ ಕಾಫಿ. ಅದರ ರೇಟು ಹೇಳಿಕೊಂಡು ಹೊಟ್ಟೆ ಉರಿದುಕೊಳ್ಳದ ಬೆಳೆಗಾರರು ಕಡಿಮೆ. ದೇಶ ಅಂದರೂ ತೀರ ಚಿಕ್ಕದು. ನಮ್ಮ ಜಿಲ್ಲೆ ಸುಮಾರು 4,100 ಚದರ ಕಿಲೋಮೀಟರ್, ಅದು 11,000ದ ಹತ್ತಿರ. ಅಂದರೆ ಮೂರು ಕೊಡಗು ಕೂಡ ಇಲ್ಲ. ಜನಸಂಖ್ಯೆ ಸುಮಾರು 28 ಲಕ್ಷ. ಅಷ್ಟರಲ್ಲಿ ಬೋಲ್ಟ್, ಶೆಲ್ಲಿ, ವೆರೋನಿಕಾ ಕ್ಯಾಂಪ್‌ಬೆಲ್-ಬ್ರೌನ್, ಇಲೇನ್ ಥಾಂಪ್ಸನ್-ಹೆರಾ, ಶೆರಿಕಾ ಜಾಕ್ಸನ್. ಇದು ರಕ್ತದ ಗುಣ, ಅವರು ತಿನ್ನುವ ಗೆಣಸಿನ ಗುಣ ಅಂತೆಲ್ಲ ಹೇಳುವವರಿದ್ದಾರೆ. ನಾನು ಪಿ.ಟಿ. ಟೀಚರ್ ಆಗಿ ನೋಡುವುದು ಬೇರೆ: ಅವರ ಶಾಲಾ ಕ್ರೀಡಾಕೂಟ.

'ಚಾಂಪ್ಸ್' ಅಂತ ಕರೆಯುತ್ತಾರೆ. 1910ರಿಂದ ನಡೆಯುತ್ತಿರುವ ಹೈಸ್ಕೂಲು ಮಕ್ಕಳ ಕ್ರೀಡಾಕೂಟ. ಕಿಂಗ್‌ಸ್ಟನ್ನಿನ ನ್ಯಾಷನಲ್ ಸ್ಟೇಡಿಯಂ ತುಂಬಿ ಹೋಗುತ್ತದೆ. ಹಳೆ ವಿದ್ಯಾರ್ಥಿಗಳು ಶಾಲೆಯ ಬಣ್ಣದ ಬಟ್ಟೆ ಹಾಕಿಕೊಂಡು ಬಂದು ಕೂಗುತ್ತಾರೆ. ಟಿವಿಯಲ್ಲಿ ನೇರ ಪ್ರಸಾರ. ಹದಿನಾಲ್ಕರ ಹುಡುಗಿ ಓಡಿದರೆ ದೇಶ ನೋಡುತ್ತದೆ. ಶೆಲ್ಲಿ ಓದಿದ ವೋಲ್ಮರ್ಸ್ ಹೆಣ್ಣುಮಕ್ಕಳ ಶಾಲೆಯೂ ಅಲ್ಲಿ ಓಡುವ ಶಾಲೆ. ನಾವು ಹಾಕಿಗೆ ಏನು ಮಾಡಿದ್ದೇವೋ ಅದನ್ನು ಅವರು ಓಟಕ್ಕೆ ಮಾಡಿದ್ದಾರೆ. ಅಷ್ಟೇ ವಿಷಯ. ಮನೆತನದ ಹೆಸರಿಗಾಗಿ ಎಪ್ಪತ್ತರ ಮುದುಕ ಸ್ಟಿಕ್ ಹಿಡಿದು ಮೈದಾನಕ್ಕೆ ಇಳಿಯುವ ಊರಿನವರಿಗೆ ಇದನ್ನು ಜಾಸ್ತಿ ವಿವರಿಸಬೇಕಾಗಿಲ್ಲ, ಅಲ್ವಾ?

ನಮ್ಮ ಶಾಲಾ ಓಟ ನಡೆಯುವುದು ಹೇಗೆ ಅಂತ ಹೊರಗಿನವರಿಗೆ ಹೇಳಬೇಕು. ವಲಯ ಮಟ್ಟ, ತಾಲ್ಲೂಕು ಮಟ್ಟದ ಕೂಟ ಬರುವುದೇ ಆಗಸ್ಟಿನ ಆಸುಪಾಸು. ಆಗ ಇಲ್ಲಿ ಮಳೆ. ಬೆಳಿಗ್ಗೆ ಸುಣ್ಣದ ಪುಡಿಯಲ್ಲಿ ಲೇನು ಎಳೆದರೆ ಹತ್ತು ಗಂಟೆಗೆ ಬಿಳಿ ನೀರು ಇಳಿಜಾರಿನ ಕಡೆ ಹರಿದು ಹೋಗಿರುತ್ತದೆ. ಮೈದಾನದ ಒಂದು ತುದಿ ಇನ್ನೊಂದಕ್ಕಿಂತ ಮೇಲೆ. ನೂರು ಮೀಟರ್ ನೇರ ಸಿಗಬೇಕಾದರೆ ಮೂಲೆಯಿಂದ ಮೂಲೆಗೆ ಹಾಕಬೇಕು. ಸ್ಟಾರ್ಟಿಂಗ್ ಬ್ಲಾಕ್ ಇಲ್ಲ. ಮಕ್ಕಳು ಹೆಬ್ಬೆರಳು ಊರಲು ಮಣ್ಣಿನಲ್ಲಿ ಎರಡು ಗುಂಡಿ ತೋಡಿಕೊಳ್ಳುತ್ತಾರೆ. ಎಡಗಾಲಿನದು ಗೆರೆಯಿಂದ ಎರಡು ಪಾದ ಹಿಂದೆ, ಬಲಗಾಲಿನದು ಮೂರು ಪಾದ ಹಿಂದೆ. ಮಳೆ ಬಂದರೆ ಆ ಗುಂಡಿಯಲ್ಲಿ ನೀರು ನಿಲ್ಲುತ್ತದೆ. ಕೆಲವು ಮಕ್ಕಳು ಅಂಗೈಯಲ್ಲಿ ನೀರು ಮೊಗೆದು ಚೆಲ್ಲಿ, ಲಂಗದ ಅಂಚಿಗೆ ಕೈ ಒರೆಸಿಕೊಂಡು, ಆಮೇಲೆ ಕಾಲಿಡುತ್ತಾರೆ. ಕ್ಲ್ಯಾಪರಿನ ಹಲಗೆಗಳು ಬಡಿದುಕೊಳ್ಳುವುದನ್ನು ನೋಡಿ ನಾವು ಆ ತುದಿಯಲ್ಲಿ ಸ್ಟಾಪ್‌ವಾಚ್ ಒತ್ತುತ್ತೇವೆ. ಕೈ ಟೈಮಿಂಗಿಗೆ 0.24 ಸೆಕೆಂಡ್ ಸೇರಿಸಿದರೆ ಎಲೆಕ್ಟ್ರಾನಿಕ್ ಟೈಮಿಂಗಿನ ಲೆಕ್ಕಕ್ಕೆ ಹತ್ತಿರ ಬರುತ್ತದೆ. 13.2 ಓಡಿದ ಹುಡುಗಿಗೆ ನಿಜದಲ್ಲಿ 13.44. ಇದನ್ನು ಹೇಳಿದರೆ ಅಪ್ಪಂದಿರಿಗೆ ಸಿಟ್ಟು ಬರುತ್ತದೆ.

ಹಾಗಂತ ಸೌಲಭ್ಯ ಇಲ್ಲ ಅಂತ ಅಳುವುದಕ್ಕೆ ಶೆಲ್ಲಿ ಕಥೆ ಅವಕಾಶ ಕೊಡುವುದಿಲ್ಲ. ಅವಳು ತಯಾರಾದ ಎಂವಿಪಿ ಅನ್ನುವ ಓಟದ ಕ್ಲಬ್ ಅನ್ನು ಕೋಚ್ ಸ್ಟೀಫನ್ ಫ್ರಾನ್ಸಿಸ್ ಮತ್ತು ಗೆಳೆಯರು 1999ರಲ್ಲಿ ಶುರು ಮಾಡಿದರು. ಅಲ್ಲಿಯವರೆಗೆ ಜಮೈಕಾದ ಒಳ್ಳೆ ಓಟಗಾರರು ಸ್ಕಾಲರ್‌ಶಿಪ್ ಹಿಡಿದು ಅಮೆರಿಕದ ಕಾಲೇಜುಗಳಿಗೆ ಹೋಗುತ್ತಿದ್ದರು. ಫ್ರಾನ್ಸಿಸ್ ಹೇಳಿದ್ದು, ಇಲ್ಲೇ ಇರಿ, ಇಲ್ಲೇ ಓದಿ, ಇಲ್ಲೇ ಓಡಿ ಅಂತ. ಕಿಂಗ್‌ಸ್ಟನ್ನಿನ ತಾಂತ್ರಿಕ ವಿಶ್ವವಿದ್ಯಾಲಯದ ಹುಲ್ಲಿನ ಟ್ರ್ಯಾಕಿನಲ್ಲಿ ತರಬೇತಿ. ಹೌದು, ಹುಲ್ಲು. ಅಲ್ಲಿಂದಲೇ ಒಲಿಂಪಿಕ್ ಚಾಂಪಿಯನ್ನುಗಳು ಬಂದರು. ಆದರೆ ಆ ಹುಲ್ಲು ಸಮತಟ್ಟಾಗಿತ್ತು ಮತ್ತು ವರ್ಷಪೂರ್ತಿ ಒಬ್ಬ ಕೋಚ್ ಅದರ ಪಕ್ಕದಲ್ಲಿ ನಿಂತಿರುತ್ತಿದ್ದ. ನಮ್ಮಲ್ಲಿ ಓಟದ ಕೋಚಿಂಗ್ ಅನ್ನುವುದು ಕೂಟಕ್ಕೆ ಹದಿನೈದು ದಿನ ಮುಂಚೆ ಶುರುವಾಗಿ ಕೂಟದ ಮಾರನೇ ದಿನ ಮುಗಿಯುತ್ತದೆ.

2007ರಲ್ಲಿ ಶೆಲ್ಲಿಯ ಒಳ್ಳೆ ಟೈಮಿಂಗ್ 11.31. ವಿಶ್ವ ಮಟ್ಟದಲ್ಲಿ ಯಾರೂ ತಿರುಗಿ ನೋಡದ ಅಂಕಿ. ಮರುವರ್ಷ ಬೀಜಿಂಗಿಗೆ ಜಮೈಕಾದ ಆಯ್ಕೆ ಓಟ. ಮೊದಲ ಮೂವರಿಗೆ ಟಿಕೆಟ್. ಕೆರಾನ್ ಸ್ಟೀವರ್ಟ್ ಮೊದಲು, ಶೆಲ್ಲಿ ಎರಡನೆಯವಳು, ಶೆರೋನ್ ಸಿಂಪ್ಸನ್ ಮೂರು. ನಾಲ್ಕನೆಯವಳು ಯಾರು ಗೊತ್ತಾ? ವೆರೋನಿಕಾ ಕ್ಯಾಂಪ್‌ಬೆಲ್-ಬ್ರೌನ್. ಹಿಂದಿನ ವರ್ಷವಷ್ಟೇ ನೂರು ಮೀಟರಿನ ವಿಶ್ವ ಚಾಂಪಿಯನ್ ಆದವಳು. ದೇಶದಲ್ಲಿ ಗಲಾಟೆ ಎದ್ದಿತು. ಅನುಭವ ಇಲ್ಲದ ಆ ಫ್ರೇಸರ್ ಹುಡುಗಿಯನ್ನು ಬಿಡಿಸಿ ವೆರೋನಿಕಾಳನ್ನು ಓಡಿಸಿ ಅಂತ ಒತ್ತಾಯ.

ಆಯ್ಕೆ ಸಮಿತಿಗಳಲ್ಲಿ ಯಾವತ್ತಾದರೂ ಕೂತವರಿಗೆ ಈ ಜಾಗದ ಬಿಸಿ ಗೊತ್ತಿರುತ್ತದೆ. ಫೋನು ಬರುತ್ತದೆ. 'ಆ ಹುಡುಗಿಗೆ ಮುಂದಿನ ವರ್ಷ ಚಾನ್ಸ್ ಇದೆಯಲ್ಲ' ಅನ್ನುತ್ತಾರೆ. ಮುಂದಿನ ವರ್ಷ ಆ ಹುಡುಗಿ ಶಾಲೆಯಲ್ಲೇ ಇರುವುದಿಲ್ಲ, ಆ ಮಾತು ಬೇರೆ. ಜಮೈಕಾದವರು ನಿಯಮಕ್ಕೆ ಅಂಟಿಕೊಂಡರು. ಎರಡನೇ ಸ್ಥಾನ ಬಂದವಳು ಹೋಗುತ್ತಾಳೆ, ಮುಗಿಯಿತು. ಈ ಕಥೆಯಲ್ಲಿ ನನಗೆ ಅತ್ಯಂತ ಇಷ್ಟವಾದ ಭಾಗ ಇದೇ. ಶೆಲ್ಲಿ ಇನ್ನೂ ಏನೂ ಗೆದ್ದಿರದಿದ್ದಾಗ ಯಾರೋ ಒಂದು ಕಾಗದದ ಮೇಲಿದ್ದ ಹೆಸರನ್ನು ಹೊಡೆದು ಹಾಕದೆ ಬಿಟ್ಟರು.

ಬೋಲ್ಟ್ 9.69 ಓಡಿ ಜಗತ್ತನ್ನು ದಂಗುಬಡಿಸಿದ ಮಾರನೇ ದಿನ, 2008ರ ಆಗಸ್ಟ್ 17ರಂದು ಮಹಿಳೆಯರ ಫೈನಲ್. ಶೆಲ್ಲಿ 10.78. ಉಳಿದವರಿಗೂ ಅವಳಿಗೂ ನಡುವೆ ಹಗಲು ಕಾಣುವಷ್ಟು ಅಂತರ. ಸಿಂಪ್ಸನ್ ಮತ್ತು ಸ್ಟೀವರ್ಟ್ ಇಬ್ಬರೂ ಸರಿಯಾಗಿ 10.98. ಫೋಟೊ ನೋಡಿದರೂ ಬೇರೆ ಮಾಡಲಾಗಲಿಲ್ಲ. ಇಬ್ಬರಿಗೂ ಬೆಳ್ಳಿ ಕೊಟ್ಟರು, ಕಂಚು ಯಾರಿಗೂ ಇಲ್ಲ. ನೂರು ಮೀಟರಿನಲ್ಲಿ ಒಲಿಂಪಿಕ್ ಚಿನ್ನ ಗೆದ್ದ ಮೊದಲ ಜಮೈಕಾ ಮಹಿಳೆ ಹಲ್ಲಿಗೆ ತಂತಿ ಹಾಕಿಸಿಕೊಂಡಿದ್ದ ಬಾಯಿ ತುಂಬ ನಗುತ್ತಾ ಎಗರಿ ಎಗರಿ ಕುಣಿದಳು. ಆ ಕುಣಿತ ಈಗಲೂ ಯೂಟ್ಯೂಬಿನಲ್ಲಿದೆ, ನೋಡಿ.

ಎತ್ತರ ಬರೀ ಐದಡಿ. 'ಪಾಕೆಟ್ ರಾಕೆಟ್' ಅಂತ ಹೆಸರಿಟ್ಟರು. ಆರಡಿ ಐದಂಗುಲದ ಬೋಲ್ಟ್ ನೂರು ಮೀಟರನ್ನು ಸುಮಾರು 41 ಹೆಜ್ಜೆಯಲ್ಲಿ ಮುಗಿಸುತ್ತಿದ್ದ. ಶೆಲ್ಲಿಗೆ ಸುಮಾರು 50 ಬೇಕು. ಅಂದರೆ ಅವಳ ಕಾಲು ಹೆಚ್ಚು ಸಲ ನೆಲ ಮುಟ್ಟಬೇಕು, ಪ್ರತಿಸಲ ಕಡಿಮೆ ಹೊತ್ತು ಮುಟ್ಟಬೇಕು. ಚಿಕ್ಕ ಕಾಲಿಗೆ ಒಂದು ಲಾಭ ಇದೆ: ಬೇಗ ತಿರುಗುತ್ತದೆ. ಹಾಗಾಗಿ ಅವಳ ಆಟವೆಲ್ಲ ಮೊದಲ ಮೂವತ್ತು ಮೀಟರಿನಲ್ಲಿ. ಗುಂಡಿನ ಸದ್ದಿಗೆ ಉಳಿದವರು ಏಳುತ್ತಾರೆ, ಇವಳು ಏಳುವುದಿಲ್ಲ. ತೋಟದಲ್ಲಿ ಕಾಫಿ ರೆಂಬೆಗಳ ಕೆಳಗೆ ತಲೆ ತಗ್ಗಿಸಿಕೊಂಡು ಓಡುವ ಮಕ್ಕಳ ಹಾಗೆ ಮೈ ಬಗ್ಗಿಸಿಕೊಂಡೇ ನುಗ್ಗುತ್ತಾಳೆ. ತಲೆ ಎತ್ತಿ ನೋಡುವ ಆಸೆಯನ್ನು ತಡೆಯುವುದೇ ಕಷ್ಟದ ಕೆಲಸ. ನನ್ನ ಮಕ್ಕಳಿಗೆ ಎಷ್ಟು ಹೇಳಿದರೂ ಮೂರನೇ ಹೆಜ್ಜೆಗೆ ನೆಟ್ಟಗೆ ನಿಂತು ಪಕ್ಕದವಳನ್ನು ನೋಡುತ್ತಾರೆ.

ಯಾರೂ ನೂರು ಮೀಟರಿನ ಕೊನೆಯಲ್ಲಿ ವೇಗ ಹೆಚ್ಚಿಸಿಕೊಳ್ಳುವುದಿಲ್ಲ ಅನ್ನುವುದು ಇನ್ನೊಂದು ವಿಷಯ. ಬೋಲ್ಟೂ ಇಲ್ಲ. ಅರುವತ್ತು ಮೀಟರಿನ ಆಸುಪಾಸಿನಲ್ಲಿ ವೇಗ ತುದಿ ಮುಟ್ಟುತ್ತದೆ. ಆಮೇಲೆ ಎಲ್ಲರೂ ನಿಧಾನವಾಗುತ್ತಾರೆ, ಕಡಿಮೆ ನಿಧಾನವಾದವರು ಮುಂದೆ ಬಂದ ಹಾಗೆ ಕಾಣುತ್ತದೆ. ಶೆಲ್ಲಿ ಬೀಜಿಂಗ್‌ನಲ್ಲಿ ಗೆದ್ದಿದ್ದು ಸ್ಟಾರ್ಟಿನಿಂದ. ಮುಂದಿನ ವರ್ಷಗಳಲ್ಲಿ ಕಲಿತದ್ದು ಕೊನೆಯ ಮೂವತ್ತು ಮೀಟರಿನಲ್ಲಿ ಕಡಿಮೆ ಕಳೆದುಕೊಳ್ಳುವುದನ್ನು. 200 ಮೀಟರ್ ಓಡತೊಡಗಿದ್ದು ಅದಕ್ಕೆ ಒದಗಿತು ಅನ್ನುವುದು ನನ್ನ ಲೆಕ್ಕ.

2010ರಲ್ಲಿ ಒಂದು ಹಲ್ಲುನೋವು ಅವಳ ಆರು ತಿಂಗಳು ನುಂಗಿತು. ನೋವಿಗೆ ಅಂತ ತೆಗೆದುಕೊಂಡ ಮಾತ್ರೆಯಲ್ಲಿ ಆಕ್ಸಿಕೋಡೋನ್ ಇತ್ತು. ಅದು ನೋವು ನಿವಾರಕ, ನಿಷೇಧಿತ ಪಟ್ಟಿಯಲ್ಲಿರುವ ಔಷಧಿ. ಶಾಂಘೈನ ಪರೀಕ್ಷೆಯಲ್ಲಿ ಸಿಕ್ಕಿತು. ಮಾತ್ರೆ ಕೋಚ್ ಹತ್ತಿರದ್ದು, ಕೇಳಿ ಹೇಳಿ ಮಾಡದೆ ನುಂಗಿದ್ದು ತನ್ನದೇ ಜವಾಬ್ದಾರಿ ಅಂತ ಒಪ್ಪಿಕೊಂಡಳು. ಆರು ತಿಂಗಳು ನಿಷೇಧ. ಕೂಟಗಳಲ್ಲಿ ಅಮ್ಮಂದಿರು ಮಕ್ಕಳಿಗೆ ಜ್ವರಕ್ಕೆ, ಕಾಲುನೋವಿಗೆ ಅಂತ ಪರ್ಸಿನಿಂದ ಯಾವ್ಯಾವುದೋ ಮಾತ್ರೆ ತೆಗೆದು ಕೊಡುವುದನ್ನು ಕಂಡಾಗೆಲ್ಲ ನನಗೆ ಈ ಹಲ್ಲು ನೆನಪಾಗುತ್ತದೆ. ತಾಲ್ಲೂಕು ಮಟ್ಟದಲ್ಲಿ ಯಾರೂ ಪರೀಕ್ಷೆ ಮಾಡುವುದಿಲ್ಲ, ನಿಜ. ಅಭ್ಯಾಸ ಮಾತ್ರ ಇಲ್ಲೇ ಆಗುತ್ತದೆ.

2012 ಲಂಡನ್: ಮತ್ತೆ ಚಿನ್ನ. 2013 ಮಾಸ್ಕೊ ವಿಶ್ವ ಚಾಂಪಿಯನ್‌ಶಿಪ್: ನೂರು, ಇನ್ನೂರು, ರಿಲೇ, ಮೂರೂ ಚಿನ್ನ. 2015 ಬೀಜಿಂಗ್ ವಿಶ್ವ ಚಾಂಪಿಯನ್‌ಶಿಪ್: ನೂರರಲ್ಲಿ ಮತ್ತೆ ಚಿನ್ನ. ಗೆಲುವಿನ ವರ್ಷಗಳ ಬಗ್ಗೆ ಬರೆಯಲು ಜಾಸ್ತಿ ಇರುವುದಿಲ್ಲ. 2016ರಲ್ಲಿ ಕಾಲಿನ ಹೆಬ್ಬೆರಳು ಕೈಕೊಟ್ಟಿತು. ರಿಯೊದಲ್ಲಿ ದೇಶದ ಬಾವುಟ ಹಿಡಿದು, ಹಸಿರು ಹಳದಿ ಕೂದಲು ಬಿಟ್ಟುಕೊಂಡು ನಡೆದಳು, ನೋವಿನಲ್ಲೇ ಓಡಿ 10.86ರಲ್ಲಿ ಕಂಚು ತಂದಳು. ಚಿನ್ನ ಅದೇ ಕ್ಲಬ್ಬಿನ ಇಲೇನ್ ಥಾಂಪ್ಸನ್ನಿಗೆ. ವಯಸ್ಸು 29. ಸರಿ, ಒಳ್ಳೆ ಕೆರಿಯರ್, ಮುಗಿಯಿತು ಅಂತ ನಾನೂ ಸೇರಿ ಬಹಳ ಜನ ಅಂದುಕೊಂಡೆವು.

2017ರ ಆಗಸ್ಟ್ 7ರಂದು ಮಗ ಝಯಾನ್ ಹುಟ್ಟಿದ. ಸಿಸೇರಿಯನ್. ಲಂಡನ್ನಿನಲ್ಲಿ ವಿಶ್ವ ಚಾಂಪಿಯನ್‌ಶಿಪ್‌ನ ಮಹಿಳೆಯರ ನೂರು ಮೀಟರ್ ಫೈನಲ್ ನಡೆದದ್ದು ಅದರ ಹಿಂದಿನ ದಿನ. ಅವಳ ಪಟ್ಟ ಬೇರೆಯವರ ಪಾಲಾಯಿತು. ಮುಂದಿನ ಮೇ ತಿಂಗಳಿಗೆ ಮತ್ತೆ ಟ್ರ್ಯಾಕಿನಲ್ಲಿದ್ದಳು.

ಸಿಸೇರಿಯನ್ ಆದ ಹೊಟ್ಟೆ ಅಂದರೆ ಏನು ಅಂತ ಗೊತ್ತಿರುವವರಿಗೆ ಗೊತ್ತು. ನೂರು ಮೀಟರಿನ ಸ್ಟಾರ್ಟ್ ಅನ್ನುವುದು ಕಾಲಿನ ಕೆಲಸ ಅಂತ ಕಾಣುತ್ತದೆ, ಕೆಲಸದ ಅರ್ಧ ಹೊಟ್ಟೆಯದು. ಬಗ್ಗಿದ ಮೈಯನ್ನು ಹಿಡಿದಿಡುವುದು ಹೊಟ್ಟೆಯ ಸ್ನಾಯು. ನಮ್ಮಲ್ಲಿ ಬಾಣಂತಿಗೆ ಹೊಟ್ಟೆಗೆ ಬಟ್ಟೆ ಬಿಗಿದು, ಮೆಣಸು ಶುಂಠಿ ತಿನ್ನಿಸಿ, ಎದ್ದು ಓಡಾಡಬೇಡ ಅಂತಾರೆ. ಅದು ತಪ್ಪಲ್ಲ, ಆ ಆರೈಕೆ ಬೇಕು. ಆದರೆ ಆಮೇಲೆ ಎದ್ದು ಓಡು ಅಂತ ಹೇಳುವವರು ಯಾರೂ ಇರುವುದಿಲ್ಲ. ಶೆಲ್ಲಿಗೆ ಗಂಡ ಇದ್ದ, ಕೋಚ್ ಇದ್ದ, ಪ್ರಾಯೋಜಕರಿದ್ದರು, ಮಗುವನ್ನು ನೋಡಿಕೊಳ್ಳುವ ಕೈಗಳಿದ್ದವು. 2019ರ ಸೆಪ್ಟೆಂಬರ್ 29, ದೋಹಾ ವಿಶ್ವ ಚಾಂಪಿಯನ್‌ಶಿಪ್. 10.71, ಚಿನ್ನ. ಸ್ಟೇಡಿಯಂ ಬಹುಪಾಲು ಖಾಲಿ. ಮಗನನ್ನು ಎತ್ತಿಕೊಂಡು ಆ ಖಾಲಿ ಸ್ಟ್ಯಾಂಡುಗಳ ಮುಂದೆ ನಡೆದಳು.

ಅವಳೇ ಮೊದಲಿಗಳಲ್ಲ. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ನೆದರ್ಲೆಂಡ್ಸ್‌ನ ಫ್ಯಾನಿ ಬ್ಲಾಂಕರ್ಸ್-ಕೋನ್, ಎರಡು ಮಕ್ಕಳ ತಾಯಿ, 30 ವರ್ಷ, ನಾಲ್ಕು ಚಿನ್ನ ಗೆದ್ದಳು. ಮಕ್ಕಳನ್ನು ಬಿಟ್ಟು ಓಡೋಕೆ ಯಾಕೆ ಹೋಗಬೇಕು ಅಂತ ಅವಳಿಗೂ ಬೈದವರಿದ್ದರು. ನಮ್ಮ ಪಕ್ಕದ ಕೇರಳದ ಪಿ.ಟಿ. ಉಷಾ ಮಗನಾದ ಮೇಲೆ ವಾಪಸ್ ಬಂದು 1998ರಲ್ಲಿ ಜಪಾನಿನ ಫುಕುಓಕಾದ ಏಷ್ಯನ್ ಚಾಂಪಿಯನ್‌ಶಿಪ್‌ನಲ್ಲಿ ಪದಕ ತಂದರು, 34ರ ವಯಸ್ಸಿನಲ್ಲಿ. 1984ರ ಒಲಿಂಪಿಕ್ಸ್‌ನಲ್ಲಿ ನೂರನೇ ಒಂದು ಸೆಕೆಂಡಿನಲ್ಲಿ ಅವರಿಗೆ ಕಂಚು ತಪ್ಪಿದ ಕಥೆ ಎಲ್ಲರಿಗೂ ಗೊತ್ತು, ಈ ಕಥೆ ಯಾಕೆ ಯಾರಿಗೂ ಗೊತ್ತಿಲ್ಲ? ಅಮೆರಿಕದ ಆಲಿಸನ್ ಫೆಲಿಕ್ಸ್ ತಾಯಿಯಾದಾಗ ಪ್ರಾಯೋಜಕ ಕಂಪನಿ ಕಡಿಮೆ ದುಡ್ಡಿಗೆ ಒಪ್ಪಂದ ಮಾಡಲು ಹೊರಟಿತ್ತು. ಆಕೆ 2019ರಲ್ಲಿ ಅದನ್ನು ಬಹಿರಂಗವಾಗಿ ಬರೆದ ಮೇಲೆ ಕಂಪನಿ ನಿಯಮವನ್ನೇ ಬದಲಿಸಿತು. ಪವಾಡ ಅಂದರೆ ಇಂಥದ್ದೆಲ್ಲ ಮರೆಯಾಗುತ್ತದೆ. ಅದಕ್ಕೇ ಆ ಮಾತು ಕೇಳಿದರೆ ನನಗೆ ರೇಗುತ್ತದೆ.

2023ರಲ್ಲಿ ಝಯಾನ್‌ನ ಶಾಲೆಯ ಕ್ರೀಡಾದಿನದಲ್ಲಿ ಅಮ್ಮಂದಿರ ಓಟ ಇತ್ತು. ಶೆಲ್ಲಿಯೂ ನಿಂತಳು. ಮುಂದೆ ಏನಾಯಿತು ಅಂತ ಬೇರೆ ಹೇಳಬೇಕಾ? ಉಳಿದ ಅಮ್ಮಂದಿರು ಫೋಟೊದಲ್ಲೇ ಇಲ್ಲ. ಆ ವಿಡಿಯೊ ನಮ್ಮ ಟೀಚರ್ಸ್ ವಾಟ್ಸಾಪ್ ಗುಂಪಿಗೂ ಬಂತು. 'ಈಯಮ್ಮ ನಮ್ಮ ಸ್ಕೂಲಿಗೆ ಬಂದ್ರೆ ಬಕೆಟ್ ಅವ್ರಿಗೇ' ಅಂತ ಒಬ್ಬರು ಹಾಕಿದರು.

ಬಕೆಟ್ ಅಂದರೆ ನಮ್ಮಲ್ಲಿ ಅಮ್ಮಂದಿರ ಸ್ಪರ್ಧೆಗೆ ಕೊಡುವ ಬಹುಮಾನ. ಸ್ಪರ್ಧೆ ಏನು? ನಿಂಬೆಹಣ್ಣು ಚಮಚ. ಇಲ್ಲವೇ ಸಂಗೀತ ಕುರ್ಚಿ. ಅಪ್ಪಂದಿರಿಗೆ ಹಗ್ಗ ಜಗ್ಗಾಟ, ಓಟ, ಗುಂಡೆಸೆತ. ನಿಂಬೆಹಣ್ಣು ಚಮಚದ ಆಟವನ್ನು ಯಾರು ಕಂಡುಹಿಡಿದರೋ, ಹೆಂಗಸು ಮೆಲ್ಲಗೆ ಹೋದಷ್ಟೂ ಗೆಲ್ಲುತ್ತಾಳೆ. ಒಂದು ವರ್ಷ ನಾನು ಅದನ್ನು ತೆಗೆದು ಐವತ್ತು ಮೀಟರ್ ಓಟ ಇಟ್ಟೆ. 'ಯಾರಾದರೂ ಬಿದ್ದರೆ?' ಅಂದರು. ಇದೇ ಅಮ್ಮಂದಿರು ಆಟಿ ತಿಂಗಳಲ್ಲಿ ಕೆಸರುಗದ್ದೆಯಲ್ಲಿ ಬಿದ್ದು ಎದ್ದು ಓಡುವಾಗ ಯಾರೂ ಕೇಳುವುದಿಲ್ಲ.

ಆ ಐವತ್ತು ಮೀಟರಿನಲ್ಲಿ ಒಂದು ತೋಟದ ಕಾರ್ಮಿಕರ ಲೈನ್ ಮನೆಯಿಂದ ಬಂದ ಹೆಂಗಸೊಬ್ಬಳು ನಿಂತಿದ್ದಳು. ಮಗ ಆರನೇ ಕ್ಲಾಸು. ಅವಳು ಚಪ್ಪಲಿ ಬಿಟ್ಟು ಪಕ್ಕಕ್ಕೆ ಜೋಡಿಸಿಟ್ಟಳು, ಸೆರಗು ಸುತ್ತಿ ಸೊಂಟಕ್ಕೆ ಸಿಕ್ಕಿಸಿದಳು, ಸೀರೆ ಮೊಣಕಾಲಿಗೆ ಎತ್ತಿ ಕಟ್ಟಿದಳು. ಉಳಿದವರು ನಗಾಡುತ್ತಾ ನಿಂತಿದ್ದರೆ ಇವಳು ಒಂದು ಕಾಲು ಹಿಂದಿಟ್ಟು ನೆಲ ಒತ್ತಿ ನೋಡಿದಳು. ನನ್ನ ಕಣ್ಣು ಅಲ್ಲೇ ನಿಂತಿತು. ವಿಜಿಲ್ ಊದಿದ ಮೇಲೆ ಮೊದಲ ಹತ್ತು ಹೆಜ್ಜೆ ಅವಳು ತಲೆ ಎತ್ತಲಿಲ್ಲ. ಯಾರೂ ಹೇಳಿಕೊಟ್ಟಿದ್ದಲ್ಲ ಅದು. ಎರಡನೆಯವಳು ಅರ್ಧ ದಾರಿಯಲ್ಲಿ ನಿಂತು ನಗುತ್ತಾ ಕೂತೇ ಬಿಟ್ಟಳು.

'ಸ್ಕೂಲಲ್ಲಿ ಓಡ್ತಿದ್ರಾ?' ಕೇಳಿದೆ.

'ಐದನೇ ಕ್ಲಾಸ್ ತನಕ ಟೀಚರೇ. ಆಮೇಲೆ ಅಮ್ಮನ ಜೊತೆ ಕಾಫಿ ಕುಯ್ಲಿಗೆ ಹೋದೆ.'

'ಮತ್ತೆ ಓಡಲೇ ಇಲ್ವಾ?'

'ಆನೆ ಬಂದಾಗ ಓಡ್ತೀವಲ್ಲ' ಅಂದು ನಕ್ಕಳು. ಬಕೆಟ್ ತಗೊಂಡು, ಅದರೊಳಗೆ ಚಪ್ಪಲಿ ಹಾಕಿಕೊಂಡು ಹೋದಳು.

ಶೆಲ್ಲಿಯ ಅಮ್ಮ ಮ್ಯಾಕ್ಸೀನ್ ವಿಷಯ ಓದುವಾಗ ನಾನು ತಡೆಯುವುದು ಇದಕ್ಕೆ. ವೇಗ ಎಲ್ಲ ಕಡೆ ಹುಟ್ಟುತ್ತದೆ. ನಮ್ಮಲ್ಲಿ ಕೂಡಿಗೆಯ ಕ್ರೀಡಾಶಾಲೆ ಇದೆ, ಪೊನ್ನಂಪೇಟೆ, ಮಡಿಕೇರಿಯಲ್ಲಿ ಹಾಸ್ಟೆಲ್‌ಗಳಿವೆ, ಒಳ್ಳೆ ಕೆಲಸ ಮಾಡುತ್ತವೆ. ಅಲ್ಲಿಗೆ ಮುಟ್ಟುವ ಹುಡುಗಿಯರು ಮುಟ್ಟುತ್ತಾರೆ. ಎಂಟನೇ ಕ್ಲಾಸಿನಲ್ಲಿ ತಾಲ್ಲೂಕಿಗೆ ಮೊದಲು ಬಂದವಳು ಹತ್ತನೇ ಕ್ಲಾಸಿನಲ್ಲಿ 'ಟೀಚರ್, ಪಬ್ಲಿಕ್ ಪರೀಕ್ಷೆ' ಅಂತಾಳೆ. ಪಿಯುಸಿಯಲ್ಲಿ ಮೈಸೂರಿಗೋ ಮಂಗಳೂರಿಗೋ ಹೋಗುತ್ತಾಳೆ. ಮುಂದೆ ಮದುವೆ ಕಾಗದ ಕೊಡಲು ಬರುತ್ತಾಳೆ, ಜೊತೆಗೆ ಬಂದ ಹುಡುಗನಿಗೆ 'ಇವರೇ ನಮ್ಮ ಪಿ.ಟಿ. ಟೀಚರ್, ನಾನು ಆಗ ಚೆನ್ನಾಗಿ ಓಡ್ತಿದ್ದೆ' ಅಂತ ಹೇಳುತ್ತಾಳೆ. ಇಪ್ಪತ್ತನಾಲ್ಕರ ಹುಡುಗಿ 'ಓಡ್ತಿದ್ದೆ' ಅಂತಾಳೆ. ಶೆಲ್ಲಿಯ ಅತಿ ವೇಗದ ಓಟ ಬಂದದ್ದು ಆ ವಯಸ್ಸಿಗೆ ಹತ್ತು ವರ್ಷ ಸೇರಿಸಿದಾಗ. ಪದಕದ ಮಾತು ಬಿಡಿ. ತನ್ನ ಮೈಯ ವೇಗ ಎಲ್ಲಿಯವರೆಗೆ ಹೋಗುತ್ತಿತ್ತು ಅಂತ ನೋಡುವ ಮೊದಲೇ ನಮ್ಮ ಹುಡುಗಿಯರು ಸ್ಟಾಪ್‌ವಾಚಿನಿಂದ ದೂರ ಹೋಗಿರುತ್ತಾರೆ.

ಶೆಲ್ಲಿ 33 ದಾಟುವ ಹೊತ್ತಿಗೆ ಇನ್ನೂ ಒಂದು ಕೆಲಸ ಮಾಡಿದಳು. ಹುಡುಗಿಯಾಗಿದ್ದಾಗಿನಿಂದ ಜೊತೆಗಿದ್ದ ಫ್ರಾನ್ಸಿಸ್‌ರನ್ನು ಬಿಟ್ಟು ರೆನಾಲ್ಡೊ ವಾಲ್ಕಾಟ್ ಅನ್ನುವ ಬೇರೆ ಕೋಚ್ ಹತ್ತಿರ ಹೋದಳು. ಎಲ್ಲ ಗೆದ್ದು ಮುಗಿಸಿದವಳಿಗೆ ಇದು ಬೇಕಿತ್ತಾ ಅನ್ನಿಸುತ್ತದೆ. ಟೋಕಿಯೊ ಒಲಿಂಪಿಕ್ಸ್ ನಡೆದದ್ದು 2021ರಲ್ಲಿ. ಥಾಂಪ್ಸನ್-ಹೆರಾ 10.61 ಓಡಿ ಒಲಿಂಪಿಕ್ ದಾಖಲೆ ಮಾಡಿದಳು, ಶೆಲ್ಲಿ 10.74ರಲ್ಲಿ ಬೆಳ್ಳಿ, ಶೆರಿಕಾ ಜಾಕ್ಸನ್ ಕಂಚು. ಬೆಳ್ಳಿ ಗೆದ್ದ ಮುಖದಲ್ಲಿ ಅವತ್ತು ನಗು ಇರಲಿಲ್ಲ, ನನಗೆ ಅದು ಹಿಡಿಸಿತು. ರಿಲೇ ಚಿನ್ನ ಬಂತು, ಒಲಿಂಪಿಕ್ ಪದಕಗಳು ಎಂಟಾದವು. ಕೆಲವೇ ವಾರಕ್ಕೆ ಲೊಸಾನ್‌ನ 10.60. 2022ರ ಜುಲೈನಲ್ಲಿ ಅಮೆರಿಕದ ಯೂಜೀನ್‌ನಲ್ಲಿ 10.67, ಅವತ್ತಿಗೆ ಅದು ವಿಶ್ವ ಚಾಂಪಿಯನ್‌ಶಿಪ್‌ನ ದಾಖಲೆ. ನೂರು ಮೀಟರಿನಲ್ಲಿ ಐದನೇ ವಿಶ್ವ ಪಟ್ಟ.

ಆಮೇಲೆ ಇಳಿಜಾರು. 2023ರ ಬುಡಾಪೆಸ್ಟ್‌ನಲ್ಲಿ ಕಂಚು. 2024ರ ಪ್ಯಾರಿಸ್‌ನಲ್ಲಿ ಸೆಮಿಫೈನಲ್‌ವರೆಗೆ ಬಂದು ಓಡಲೇ ಇಲ್ಲ. ಅಲ್ಲಿಗೆ ನಿಲ್ಲಿಸಬಹುದಿತ್ತು. ನಿಲ್ಲಿಸದೆ 2025ರಲ್ಲಿ 38ರ ವಯಸ್ಸಿನಲ್ಲಿ ಟೋಕಿಯೊಗೆ ಬಂದಳು. ಫೈನಲಿನಲ್ಲಿ ಆರನೆಯವಳು. ಕೊನೆಗೆ ರಿಲೇ ಬೆಳ್ಳಿ. ಆ ತಂಡದಲ್ಲಿ ಟಿಯಾ, ಟೀನಾ ಕ್ಲೇಟನ್ ಅನ್ನುವ ಅವಳಿ ಹುಡುಗಿಯರಿದ್ದರು. ಶೆಲ್ಲಿ ಬೀಜಿಂಗ್‌ನಲ್ಲಿ ಕುಣಿದಾಗ ಆ ಮಕ್ಕಳಿಗೆ ನಾಲ್ಕು ವರ್ಷ.

ಈಗ ಇಡೀ ಕೆರಿಯರಿನಲ್ಲಿ ಯಾವ ಓಟ ದೊಡ್ಡದು ಅಂತ ಮನೆಯಲ್ಲಿ ವಾದ ನಡೆದಿದೆ. ಟೆಸ್ಟ್ ಮ್ಯಾಚೇ ಬೇಕು ಅನ್ನುವ ನಮ್ಮ ಮನೆಯವರನ್ನು ಹಿಡಿದು ಕೂರಿಸಿ ಎಲ್ಲ ವಿಡಿಯೊ ತೋರಿಸಿದ್ದೇನೆ. ಅವರ ಮತ ಬೀಜಿಂಗ್‌ಗೆ. ಆ ನಗುವಿಗೆ ಬಿದ್ದಿದ್ದಾರೆ. ನನ್ನ ಮತ ಯೂಜೀನ್‌ಗೆ. ಬೀಜಿಂಗ್‌ನಲ್ಲಿ ಅವಳನ್ನು ಮುಟ್ಟುವ ದೂರದಲ್ಲಿ ಯಾರೂ ಇರಲಿಲ್ಲ. ಯೂಜೀನ್‌ನಲ್ಲಿ ಹಿಂದಿನ ವರ್ಷದ ಒಲಿಂಪಿಕ್ ಚಾಂಪಿಯನ್ ಇದ್ದಳು, ಕೊನೆಯಲ್ಲಿ ಹಿಂದಿನಿಂದ ಬರುವುದಕ್ಕೆ ಹೆಸರಾದ ಶೆರಿಕಾ ಜಾಕ್ಸನ್ ಇದ್ದಳು, ಅವತ್ತು 10.73 ಓಡಿದವಳು. ಎಂಬತ್ತು ಮೀಟರಿನಲ್ಲಿ ಜಾಕ್ಸನ್ ಹತ್ತಿರ ಬರುತ್ತಿರುವುದು ಕಾಣುತ್ತದೆ. 21ರ ಶೆಲ್ಲಿ ಆಗಿದ್ದರೆ ಅಲ್ಲಿ ಭುಜ ಬಿಗಿಯುತ್ತಿತ್ತು. 35ರ ಶೆಲ್ಲಿಯ ಭುಜ ನೋಡಿ, ಕೆಳಗೇ ಇದೆ, ದವಡೆ ಸಡಿಲವಾಗಿದೆ. ವಿಡಿಯೊವನ್ನು ನಿಧಾನ ಮಾಡಿ ಅದೇ ಜಾಗ ಮತ್ತೆ ಮತ್ತೆ ತೋರಿಸಿದೆ. 'ಭುಜ ಯಾರು ನೋಡ್ತಾರೆ ಮಾರಾಯ್ತಿ' ಅಂದರು.